ಒಳಕ್ಕೆ ತಿರುಗುವ ರ‍್ಯಾಕ್

ಆರ್ಲಿಸ್ ಟ್ಯಾಕೆಟ್, ದೋಣಿ ರಿಪೇರಿ ಮಾಡಿ ಬಿಡಿಭಾಗ ಮಾರುವ ನಮ್ಮ ದೋಣಿಕಟ್ಟೆಗೆ ಕೆಲಸ ಕೇಳಿಕೊಂಡು ಬಂದಾಗ ಅವನಿಗೆ ಮೂವತ್ತೆಂಟು ವರ್ಷ. ಕೆಂಟಕಿಯಲ್ಲಿ ಅವನಿದ್ದ ಕಲ್ಲಿದ್ದಲ ಗಣಿ ಮುಚ್ಚಿ, ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರೆಲ್ಲ ದಿಕ್ಕಿಗೊಬ್ಬರಾಗಿದ್ದರು. ಅವನು ಗುಡ್ಡ ದಾಟಿ ಟೆನ್ನೆಸ್ಸೀಗೆ, ನಮ್ಮ ಊರು ಪೆಲ್ಸ್ ಫೆರಿಗೆ ಬಂದಿದ್ದ. ನನ್ನ ಗಂಡ ಹೋಬರ್ಟ್ ಆಗ ಬದುಕಿದ್ದ.

"ಅಲ್ಯೂಮಿನಿಯಂ ಬೆಸೆಯೋಕೆ ಬರುತ್ತೇನಯ್ಯಾ?" ಎಂದು ಹೋಬರ್ಟ್ ಕೇಳಿದ.

ಆರ್ಲಿಸ್ ಮೂಲೆಯಲ್ಲಿ ಮುರಿದು ಬಿದ್ದಿದ್ದ ದೋಣಿಯ ಏಣಿಯನ್ನು ಎತ್ತಿಕೊಂಡು ಹಿಂದಿನ ಕೊಟ್ಟಿಗೆಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಅದನ್ನು ತಂದು ಕೌಂಟರಿಗೆ ಒರಗಿಸಿದ. ಬೆಸುಗೆ ಹಾಕಿದ ಜಾಗ ಅಜ್ಜಿ ಹಾಕಿದ ಹೊಲಿಗೆಯಷ್ಟು ಒಪ್ಪವಾಗಿತ್ತು. ಹೋಬರ್ಟ್ ಅದರ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿ, "ಡೋವಿ, ಇವನಿಗೂ ಒಂದು ಬೀಗದ ಕೈ ಕೊಟ್ಟುಬಿಡು" ಎಂದ.

ಅಂದಿನಿಂದ ಅವನು ನಮ್ಮವನಾದ. ನನ್ನನ್ನು ಊರಿನ ರೂಢಿಯಂತೆ ಗೌರವದಿಂದ ಮಿಸ್ ಡೋವಿ ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತಿದ್ದ. ಅವನು ಹಾಡಿದರೆ ಬೆಂಚಿನ ಮರ ನಡುಗುತ್ತದೆಂದು ಹೆಂಗಸರು ನಗುತ್ತಿದ್ದರು. ಕೆಲಸದ ನಡುವೆ ಕೋಲಾದ ಸೀಸೆಯೊಳಗೆ ಉಪ್ಪು ಹಾಕಿದ ಕಡಲೆಕಾಯಿ ಸುರಿದುಕೊಂಡು ಕುಡಿಯುತ್ತ, ದೋಣಿ ತಂದವರನ್ನು ರೇಗಿಸುವುದು ಅವನಿಗೆ ಇಷ್ಟ. "ಈ ದೋಣಿ ಕೊಳ್ಳೋವಾಗ ಕುಡಿದಿದ್ಯೋ, ಕೊಂಡ ಮೇಲೆ ಕುಡಿಯೋಕೆ ಶುರು ಮಾಡಿದ್ಯೋ?" ಎಂದು ಕೇಳಿದರೆ, ಕೇಳಿಸಿಕೊಂಡವರಿಗೂ ಖುಷಿಯೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ವೇಕ್‌ಬೋರ್ಡಿನ ಹುಚ್ಚು ನಮ್ಮ ಹಿನ್ನೀರಿಗೂ ಬಂತು. ಎರಡೂ ಪಾದವನ್ನು ಒಂದು ಹಲಗೆಗೆ ಬಿಗಿದುಕೊಂಡು, ಓಡುವ ದೋಣಿಯ ಹಗ್ಗ ಹಿಡಿದು, ಅದು ಎಬ್ಬಿಸಿದ ಅಲೆಯ ಮೇಲಿಂದ ನೆಗೆಯುವ ಆಟ. ಹಗ್ಗ ಎತ್ತರದಲ್ಲಿ ಕಟ್ಟಿದ್ದರೆ ನೆಗೆತ ಚೆನ್ನಾಗಿರುತ್ತದೆ ಎಂದು ಎಲ್ಲರೂ ದೋಣಿಯ ನಡುವೆ ಕೊಳವೆಗಳ ಕಮಾನು ನಿಲ್ಲಿಸಿಕೊಂಡರು. ಅದಕ್ಕೆ ಟವರ್ ಅನ್ನುತ್ತೇವೆ. ಟವರ್ ಇದ್ದಮೇಲೆ ಹಲಗೆಗಳು ಕಾಲಿಗೆ ತೊಡರುವುದೇಕೆ ಎಂದು ಅದರ ಪಕ್ಕೆಗೆ ರ‍್ಯಾಕ್ ಬಂತು. ಸುತ್ತಲಿನ ನಾಲ್ಕು ಊರಿನಲ್ಲಿ ಟವರನ್ನೂ ರ‍್ಯಾಕನ್ನೂ ಆರ್ಲಿಸ್‌ನಷ್ಟು ಗಟ್ಟಿಯಾಗಿ ಕೂರಿಸುವವರು ಇರಲಿಲ್ಲ.

ರ‍್ಯಾಕಿನಲ್ಲಿ ಎರಡು ಜಾತಿ. ಒಂದು ಕದಲದ್ದು. ಟವರಿನ ಹೊರಪಕ್ಕಕ್ಕೆ ಬಿಗಿದರೆ ಅಲ್ಲೇ ನಿಲ್ಲುತ್ತದೆ. ಹಲಗೆ ತೆಗೆಯಬೇಕಾದರೆ ನಾವೇ ದೋಣಿಯ ಅಂಚಿನಿಂದ ನೀರಿನತ್ತ ಬಾಗಿ ಕೈ ಚಾಚಬೇಕು. ಇನ್ನೊಂದು ಒಳಕ್ಕೆ ತಿರುಗುವುದು. ಪಿನ್ನು ಎಳೆದರೆ ಬಾಗಿಲಿನ ಹಾಗೆ ದೋಣಿಯೊಳಕ್ಕೆ ಬರುತ್ತದೆ, ಹಲಗೆ ಸಿಕ್ಕಿಸಿ ಹೊರಕ್ಕೆ ತಳ್ಳಿದರೆ ಸ್ಪ್ರಿಂಗಿನ ಒತ್ತಡಕ್ಕೆ ಪಿನ್ನು ತಾನಾಗಿ ಗುಂಡಿಗೆ ಬಿದ್ದು ಟಕ್ ಅನ್ನುತ್ತದೆ. ಜನಕ್ಕೆ ಎರಡನೆಯದೇ ಬೇಕು. ಬಗ್ಗುವ ಕಷ್ಟ ಯಾರಿಗೆ ಬೇಕು?

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಸಾಮಿಲ್ಲಿನ ವೆಂಡೆಲ್ ಬರ್ಡೆಟ್ ತಿರುಗುವ ರ‍್ಯಾಕ್ ಹಾಕಿಸಿಕೊಂಡ. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬಕ್ಕೆ ನೆಂಟರು ಬರುವವರಿದ್ದರು, ಅವಸರದಲ್ಲಿದ್ದ. ಹಬ್ಬದ ದಿನ ಅವನ ದೋಣಿಯಲ್ಲಿ ಏಳು ಜನ. ಹನ್ನೊಂದು ವರ್ಷದ ಮಗಳು ಕೋರಾ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಹಿಂದೆ ಬರುತ್ತಿದ್ದ ಚಿಕ್ಕಪ್ಪನ ದೋಣಿಗೆ ಕೈಬೀಸುತ್ತಿದ್ದಳು. ಎದುರಿನಿಂದ ಹಾದ ದೊಡ್ಡ ದೋಣಿಯ ಅಲೆಗೆ ಇವರ ದೋಣಿ ಮೇಲೆದ್ದು ಬಿತ್ತು. ಪಿನ್ನು ಗುಂಡಿಯಲ್ಲಿ ಪೂರ್ತಿ ಕೂತಿರಲಿಲ್ಲ. ರ‍್ಯಾಕ್ ಹಲಗೆಯ ಸಮೇತ ಒಳಕ್ಕೆ ಬೀಸಿತು. ಹಲಗೆಯ ಅಡಿಯಲ್ಲಿರುವ ಸಣ್ಣ ರೆಕ್ಕೆ ಹುಡುಗಿಯ ಎಡಗಣ್ಣಿಗೆ ಬಡಿಯಿತು. ನಾಕ್ಸ್‌ವಿಲ್‌ನ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಕಣ್ಣು ಉಳಿಯಲಿಲ್ಲ.

ವೆಂಡೆಲ್ ಕೋರ್ಟಿಗೆ ಹೋಗಲಿಲ್ಲ, ನಮ್ಮ ಮೇಲೆ ಕೂಗಾಡಲಿಲ್ಲ. ದೋಣಿ ಮಾರಿದ, ಅಷ್ಟೇ. ಊರು ತಾನೇ ತೀರ್ಮಾನ ಮಾಡಿತು: ಆರ್ಲಿಸ್ ಕೂರಿಸಿದ ರ‍್ಯಾಕ್ ಬಿಟ್ಟುಕೊಂಡಿತು. ಆ ಮಾತನ್ನು ಅವನ ಎದುರಿಗೆ ಯಾರೂ ಆಡಲಿಲ್ಲ, ಅವನ ಬೆನ್ನಿನ ಹಿಂದೆ ಎಲ್ಲರೂ ಆಡಿದರು. ಅವನು ಇಲ್ಲ ಅನ್ನಲಿಲ್ಲ. ಹಬ್ಬ ಕಳೆದ ಮೂರನೆಯ ದಿನ, ಅಂಗಡಿಯಲ್ಲಿ ಉಳಿದಿದ್ದ ನಾಲ್ಕು ತಿರುಗುವ ರ‍್ಯಾಕುಗಳನ್ನು ಒಂದೊಂದಾಗಿ ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ ಗ್ರೈಂಡರಿನಲ್ಲಿ ತುಂಡು ತುಂಡು ಮಾಡಿದ. ಹೋಬರ್ಟ್ ಬಾಗಿಲಲ್ಲಿ ನಿಂತು ನೋಡಿದ, ತಡೆಯಲಿಲ್ಲ. ನಾನು ಕಸ ಗುಡಿಸಲು ಹೋದಾಗ ಆರ್ಲಿಸ್ ನೆಲ ನೋಡುತ್ತ, "ಆ ಸ್ಪ್ರಿಂಗು ಸೋಮಾರಿ ಅಂತ ನಂಗೆ ಗೊತ್ತಿತ್ತು, ಮಿಸ್ ಡೋವಿ" ಎಂದ. ಆಮೇಲೆ ಹತ್ತೊಂಬತ್ತು ವರ್ಷ ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಹಾಡುವುದನ್ನು ಬಿಟ್ಟ. ಚರ್ಚಿಗೆ ಬರುತ್ತಿದ್ದ, ಹಾಡಿನ ಪುಸ್ತಕ ತೆರೆದು ನಿಲ್ಲುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ರೇಗಿಸುವುದೂ ನಿಂತಿತು. ಕದಲದ ರ‍್ಯಾಕ್ ಕೊಳ್ಳುವವರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಹಲಗೆ ಇಡಿಸಿ, ತೆಗೆಸಿ, ರಬ್ಬರ್ ಹಗ್ಗ ಬಿಗಿಸಿ, ಮತ್ತೆ ಬಿಚ್ಚಿಸಿ, ಇಪ್ಪತ್ತು ಸಲವಾದರೂ ಮಾಡಿಸದೆ ದೋಣಿ ಬಿಟ್ಟುಕೊಡುತ್ತಿರಲಿಲ್ಲ. ತಿರುಗುವುದು ಬೇಕು ಎಂದವರಿಗೆ, "ಬೇರೆ ಕಡೆ ಸಿಗುತ್ತೆ, ಅಲ್ಲಿ ಹೋಗಿ" ಎಂದು ಬೆನ್ನು ತಿರುಗಿಸುತ್ತಿದ್ದ. ಹೋದವರು ಬಹಳ ಮಂದಿ. ಹೋಬರ್ಟ್ ತೀರಿಕೊಂಡು ಅಂಗಡಿ ನನ್ನ ತಲೆಗೆ ಬಿದ್ದ ಮೇಲೂ ನಾನು ಅದನ್ನು ಪ್ರಶ್ನಿಸಲಿಲ್ಲ. ಒಬ್ಬ ಮನುಷ್ಯ ತನಗೆ ತಾನೇ ಹಾಕಿಕೊಂಡ ಬೇಲಿಯನ್ನು ಹೊರಗಿನವರು ಕೀಳಬಾರದು ಅನ್ನಿಸುತ್ತಿತ್ತು.

ಹೋದ ವರ್ಷ ಮಾರ್ಚಿನಲ್ಲಿ, ನೀರಿನ್ನೂ ತಣ್ಣಗಿದ್ದಾಗ, ಒಬ್ಬ ಹೆಂಗಸು ಅಂಗಡಿಗೆ ಬಂದಳು. ಮೂವತ್ತರ ಪ್ರಾಯ, ಬೂಟಿನ ತುಂಬ ಮರದ ಹೊಟ್ಟು. ಒಳಗೆ ಬಂದವಳು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಆ ಪಕ್ಕವನ್ನೆಲ್ಲ ನೋಡಿಕೊಂಡು ಆಮೇಲೆ ಮುಂದೆ ಬಂದಳು. ಆ ದವಡೆ ವೆಂಡೆಲ್‌ನದು.

"ಚೆನ್ನಾಗಿದೀರಾ ಮಿಸ್ ಡೋವಿ? ನಾನು ಕೋರಾ."

"ಗೊತ್ತಾಯ್ತು ಕಣಮ್ಮ. ನಿಮ್ಮಪ್ಪ ಹೋದ್ರು ಅಂತ ಕೇಳಿ ಸಂಕಟ ಆಯ್ತು."

"ಹೂಂ. ಜನವರೀಲಿ."

"ಸಾಮಿಲ್ ಈಗ ಯಾರು ನೋಡ್ಕೊಳ್ತಾರೆ?"

"ನಾನೇ. ಕೊಯ್ದ ಮರದ ಹಲಗೆ ಸೊಟ್ಟ ಇದೆಯಾ ಅಂತ ನೋಡೋಕೆ ಎಲ್ಲರೂ ಒಂದು ಕಣ್ಣು ಮುಚ್ಕೋಬೇಕು. ನಂಗೆ ಆ ಶ್ರಮ ಇಲ್ಲ ನೋಡಿ." ಹೇಳಿ ತಾನೇ ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯದೆ ಒರೆಸಿದ ಕೌಂಟರನ್ನೇ ಮತ್ತೆ ಒರೆಸಿದೆ.

ಅವಳು ಹೇಳಿದಳು: ಹಳೆಯ ದೋಣಿಯೊಂದನ್ನು ಕೊಂಡಿದ್ದಾಳೆ. ಟವರ್ ಇದೆ, ರ‍್ಯಾಕ್ ಇಲ್ಲ. ಕಾಲೇಜಿನಲ್ಲಿದ್ದಾಗಲೇ ಅಪ್ಪನಿಗೆ ತಿಳಿಯದ ಹಾಗೆ ಮತ್ತೆ ವೇಕ್‌ಬೋರ್ಡ್ ಹತ್ತಿದ್ದಳಂತೆ. ಅವನಿರುವವರೆಗೆ ಮನೆಗೆ ಮಾತ್ರ ತರಲಿಲ್ಲ. "ಮಿಸ್ಟರ್ ಆರ್ಲಿಸ್ ಇದಾರಾ?"

"ಅಮ್ಮಾ, ಬೇರೆಯವರ ಕೈಲಿ ಹಾಕಿಸ್ಬಹುದಲ್ಲ. ಅವನಿಗೆ ಎಪ್ಪತ್ತು ದಾಟಿತು..."

"ಅವರೇ ಹಾಕ್ಬೇಕು ಅಂತಲೇ ಬಂದಿರೋದು."

ಆರ್ಲಿಸ್ ಹಿಂದಿನ ಬಾಗಿಲಿಂದ ಬಂದ. ವೆಲ್ಡಿಂಗ್ ಮುಖವಾಡ ತಲೆಯ ಮೇಲಕ್ಕೆ ಎತ್ತಿಟ್ಟ ಹಾಗೇ ಇತ್ತು. ಅವಳನ್ನು ನೋಡಿ ಅದನ್ನು ಕಳಚಿ ಎದೆಗೆ ಹಿಡಿದುಕೊಂಡ, ಶವದ ಮುಂದೆ ಟೋಪಿ ತೆಗೆದವನ ಹಾಗೆ.

"ರ‍್ಯಾಕ್ ಬೇಕಿತ್ತು, ಸರ್" ಎಂದಳು ಕೋರಾ.

"ಕದಲದ್ದು ಇದೆ, ಮೇಡಂ. ಗಟ್ಟಿ ಮಾಲು. ನಾಳೇನೇ ಬಿಗಿದು ಕೊಡ್ತೀನಿ."

"ನಂಗೆ ತಿರುಗೋದು ಬೇಕು."

"ಅದನ್ನ ನಾನು ಇಡಲ್ಲ."

"ಗೊತ್ತು. ಊರಿಗೆಲ್ಲ ಗೊತ್ತು."

"ಪ್ರಪಂಚದಲ್ಲಿ ಯಾರಿಗೆ ಬೇಕಾದ್ರೂ ಹಾಕಿಯೇನು, ಮೇಡಂ. ನಿಮ್ಮ ದೋಣಿಗೆ ಹಾಕಲ್ಲ. ನನ್ನ ಕೈಯಲ್ಲಿ ಆಗಲ್ಲ."

ಅವಳು ವಾದಿಸಲಿಲ್ಲ. "ಶನಿವಾರ ದೋಣಿ ತರ್ತೀನಿ. ಕದಲದ್ದನ್ನೇ ಹಾಕಿ ತೋರಿಸಿ. ಆಮೇಲೆ ಮಾತಾಡೋಣ" ಎಂದು ಹೋದಳು. ಅವನು ಆ ಮುಖವಾಡವನ್ನು ಎದೆಗೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದ.

ಶನಿವಾರ ಬೆಳಿಗ್ಗೆ ಅವಳು ದೋಣಿಯನ್ನು ಗಾಡಿಯ ಹಿಂದೆ ಕಟ್ಟಿದ ಗಾಲಿಬಂಡಿಯ ಮೇಲೆ ಎಳೆದುಕೊಂಡು ಬಂದಳು. ಆರ್ಲಿಸ್ ಟವರಿನ ಕೊಳವೆಯ ದಪ್ಪ ಅಳೆದ, ಕದಲದ ರ‍್ಯಾಕನ್ನು ತಾತ್ಕಾಲಿಕವಾಗಿ ಬಿಗಿದ, ಒಂದು ಹಲಗೆ ಸಿಕ್ಕಿಸಿದ. ತಾನು ಕೆಳಗೆ ಜಲ್ಲಿಯ ಮೇಲೆ ನಿಂತು, "ತೆಗೀರಿ ನೋಡೋಣ" ಎಂದ.

ಕೋರಾ ದೋಣಿಯ ಅಂಚಿಗೆ ಮಂಡಿ ಒತ್ತಿ ನಿಂತು ಕೈ ಚಾಚಿದಳು. ಹಲಗೆ ಇನ್ನೂ ಒಂದು ಗೇಣು ಆಚೆ ಇತ್ತು. ಅವಳ ಬೆರಳುಗಳು ಗಾಳಿಯನ್ನು ಹಿಡಿದವು. ಹಿಡಿತ ಸಿಕ್ಕಿತೆಂದು ಮೈಭಾರವನ್ನು ಅತ್ತ ಬಿಟ್ಟಿದ್ದಳು. ಮುಗ್ಗರಿಸಿ ಸೊಂಟದವರೆಗೆ ಆಚೆ ಬಾಗಿದಳು. ಆರ್ಲಿಸ್ ಎರಡೂ ತೋಳೆತ್ತಿ ಅವಳ ಭುಜಕ್ಕೆ ಆನಿಕೆ ಕೊಟ್ಟ. ಇಲ್ಲದಿದ್ದರೆ ತಲೆ ಕೆಳಗಾಗಿ ಜಲ್ಲಿಯ ಮೇಲೆ ಬೀಳುತ್ತಿದ್ದಳು.

ಅವಳು ಸರಿಯಾಗಿ ನಿಂತು, ಉಸಿರು ತೆಗೆದುಕೊಂಡು, ಮಕ್ಕಳಿಗೆ ಪಾಠ ಹೇಳುವವಳ ಹಾಗೆ ಹೇಳಿದಳು: "ಎರಡು ಕಣ್ಣಿದ್ರೆ ದೂರ ತಿಳಿಯುತ್ತೆ, ಸರ್. ಒಂದೇ ಇದ್ರೆ ಎಲ್ಲ ಗೋಡೆ ಮೇಲಿನ ಚಿತ್ರದ ಹಾಗೆ. ಮನೇಲಿ ಕಾಫಿ ಹುಯ್ಯೋವಾಗ ಕೆಟಲಿನ ಮೂತೀನ ಲೋಟಕ್ಕೆ ತಾಗಿಸಿಕೊಂಡು ಹುಯ್ತೀನಿ. ರ‍್ಯಾಕ್ ಒಳಗೆ ಬಂದ್ರೆ ತಡವಿ ನೋಡ್ಬಹುದು. ಅಲ್ಲಿ ನೀರಿನ ಮೇಲೆ ಏನನ್ನ ತಡವಲಿ?"

ಆರ್ಲಿಸ್ ಅಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ. ತಾನು ಹತ್ತೊಂಬತ್ತು ವರ್ಷ ಊರಿಗೆಲ್ಲ ಇದೇ ಕ್ಷೇಮ ಎಂದು ಬಿಗಿದುಕೊಟ್ಟದ್ದು ಈ ಒಬ್ಬಳಿಗೆ ಅಪಾಯ. ತಾನು ಕತ್ತರಿಸಿ ಹಾಕಿದ್ದು ಈ ಒಬ್ಬಳಿಗೆ ಬೇಕೇಬೇಕು. ಅವಳು ಹಾಗಾಗಲು ಕಾರಣವೂ ಅದೇ. ಇದೆಲ್ಲ ಅವನ ತಲೆಯಲ್ಲಿ ಓಡುತ್ತಿರುವುದು ನನಗೆ ಕಾಣುತ್ತಿತ್ತು.

"ಎಷ್ಟು ಸಮಯ ಕೊಡ್ತೀರಿ?" ಎಂದು ಕೊನೆಗೆ ಕೇಳಿದ.

"ಮೇ ತಿಂಗಳ ಕೊನೆವರೆಗೆ."

"ಆಯ್ತು. ದೋಣಿ ಇಲ್ಲೇ ಬಿಟ್ಟು ಹೋಗಿ."

ಮುಂದಿನ ಎರಡು ತಿಂಗಳು ಅವನು ಆ ರ‍್ಯಾಕನ್ನು ಆರಿಸಿದ ಬಗೆ, ಮಗಳಿಗೆ ಗಂಡು ಹುಡುಕುವವರೂ ಅಷ್ಟು ನೋಡುವುದಿಲ್ಲ. ನನ್ನಿಂದ ಮೂರು ಬೇರೆ ಬೇರೆ ತಯಾರಕರಿಗೆ ಬರೆಸಿ ಮಾದರಿ ತರಿಸಿದ. ಮೊದಲನೆಯದರ ತಿರುಗುವ ಕೀಲು ಪ್ಲಾಸ್ಟಿಕ್ಕಿನದು. ಬಿಸಿಲಿನಲ್ಲಿ ನಾಲ್ಕು ದಿನ ಇಟ್ಟು ತಿರುಗಿಸಿದಾಗ ಕಿರುಗುಟ್ಟಿತು. ಅದೇ ಡಬ್ಬಕ್ಕೆ ಹಾಕಿ ಹಿಂದಕ್ಕೆ ಕಳಿಸಿದ. ಎರಡನೆಯದರ ಪಿನ್ನು ಚೆನ್ನಾಗಿತ್ತು, ಆದರೆ ಕ್ಲ್ಯಾಂಪು ಇನ್ನೂ ದಪ್ಪ ಕೊಳವೆಗೆ ಮಾಡಿದ್ದು. ನಡುವೆ ರಬ್ಬರ್ ಪಟ್ಟಿ ಸುತ್ತಿದರೆ ಕೂರುತ್ತದೆಂದು ಡಬ್ಬದ ಮೇಲೆ ಬರೆದಿತ್ತು. ಅವನು ರಬ್ಬರ್ ಸುತ್ತಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮರಳಿನ ಚೀಲ ನೇತುಹಾಕಿ ವಾರ ಬಿಟ್ಟ. ಗೆರೆ ಒಂದು ಕೂದಲಷ್ಟು ಜರುಗಿತ್ತು.

"ಒಂದು ಕೂದಲು ಕಣಯ್ಯಾ" ಎಂದೆ ನಾನು.

"ವಾರಕ್ಕೆ ಒಂದು ಕೂದಲು. ಬೇಸಿಗೆಗೆ ಎಷ್ಟು ವಾರ, ಮಿಸ್ ಡೋವಿ?" ಎಂದು ಅದನ್ನೂ ಹಿಂದಕ್ಕೆ ಕಳಿಸಿದ.

ಮೂರನೆಯದು ಅಚ್ಚಿನಲ್ಲಿ ಎರಕ ಹೊಯ್ದದ್ದು. ಅದಕ್ಕೆ ಪಿನ್ನಿನ ಜೊತೆಗೆ ಕೈಯಿಂದ ಮಡಿಸುವ ಹಿಡಿಯೂ ಇತ್ತು. ಪಿನ್ನು ಸೋತರೂ ಹಿಡಿ ತಡೆಯುತ್ತದೆ. ಹಲಗೆ ಸಿಕ್ಕಿಸುವ ಕವಲುಗಳು ಅಗಲವಾಗಿದ್ದವು, ಈಗಿನ ದಪ್ಪ ಹಲಗೆಗೂ ಸರಿ. ಅದನ್ನು ತನ್ನ ಟ್ರಕ್ಕಿನ ಹಿಂಬದಿಗೆ ಕೊಳವೆ ಬೆಸೆದು ಬಿಗಿದುಕೊಂಡು, ಹಲಗೆ ಸಿಕ್ಕಿಸಿ, ಕಲ್ಲುಗುಂಡಿಯ ಹಾದಿಯಲ್ಲಿ ದಿನಾ ಮನೆಗೆ ಹೋಗಿಬಂದ. ಊರಿನವರು ಕೈತೋರಿಸಿ ನಕ್ಕರು. ಮಧ್ಯಾಹ್ನಗಳಲ್ಲಿ ಕೊಟ್ಟಿಗೆಯಿಂದ ಟಕ್, ಟಕ್, ಟಕ್ ಎಂದು ಕೇಳಿಬರುತ್ತಿತ್ತು. ಸಾವಿರ ಸಲ ಪಿನ್ನು ಎಳೆದು ಬಿಟ್ಟ ಎಂದರೆ ಹೆಚ್ಚಲ್ಲ. ಒಮ್ಮೆಯೂ ಅದು ಅರ್ಧಕ್ಕೆ ನಿಲ್ಲಲಿಲ್ಲ.

ಆದರೂ ಅವನಿಗೆ ನೆಮ್ಮದಿಯಾಗಲಿಲ್ಲ. ಒಂದು ದಿನ ಪಿನ್ನಿನ ಕುತ್ತಿಗೆಗೆ ಸುತ್ತಲೂ ಕೆಂಪು ಬಣ್ಣ ಬಳಿದ. ಪಿನ್ನು ಪೂರ್ತಿ ಒಳಗೆ ಕೂತರೆ ಬಣ್ಣ ಮುಚ್ಚಿಹೋಗುತ್ತದೆ. ಒಂದು ಕಾಳಿನಷ್ಟು ಹೊರಗಿದ್ದರೂ ಕೆಂಪು ಉಂಗುರ ಕಾಣುತ್ತದೆ. ಅದನ್ನು ನನಗೆ ತೋರಿಸುತ್ತ, "ಕೆಂಪು ಕಂಡ್ರೆ ಹೊರಡಬಾರದು. ಯಾರೂ ಹೇಳ್ಕೊಡಬೇಕಾಗಿಲ್ಲ" ಎಂದ. ಆ ಮಾತಿಗೆ ಯಾಕೆ ಅಷ್ಟು ಒತ್ತು ಕೊಟ್ಟ ಎಂದು ನನಗೆ ಆಗ ತಿಳಿಯಲಿಲ್ಲ.

ಕೂರಿಸುವ ದಿನ ಕೋರಾ ಬಂದಾಗ ಇನ್ನೊಂದು ತಕರಾರು ಎದ್ದಿತು. ಎಲ್ಲರೂ ಟವರಿನ ಎರಡೂ ಪಕ್ಕಕ್ಕೆ ಒಂದೊಂದು ರ‍್ಯಾಕ್ ಹಾಕಿಸುತ್ತಾರೆ. ಆರ್ಲಿಸ್ ಎರಡು ಹಲಗೆ ಹಿಡಿಯುವ ಒಂದೇ ರ‍್ಯಾಕನ್ನು ಬಲಪಕ್ಕಕ್ಕೆ ಗುರುತು ಹಾಕಿದ್ದ.

"ಒಂದೇ ಕಡೆ ಹಾಕಿದ್ರೆ ದೋಣಿ ಒಂದು ಕಿವಿ ಕತ್ತರಿಸಿದ ನಾಯಿ ಹಾಗೆ ಕಾಣುತ್ತೆ. ಜನ ನಗ್ತಾರೆ" ಎಂದಳು.

"ನಗಲಿ. ಸ್ಟಿಯರಿಂಗ್ ಚಕ್ರ ಹಿಡಿದಾಗ ಎಡಗಡೆ ನಿಮಗೆ ಕಾಣ್ಸಲ್ಲ. ಕಾಣದ ಕಡೆ ನಾನು ಏನನ್ನೂ ನೇತುಹಾಕಲ್ಲ."

"ನಾಯಿಗೆ ಒಂದು ಕಿವಿ, ಒಡತಿಗೆ ಒಂದು ಕಣ್ಣು. ಜೋಡಿ ಚೆನ್ನಾಗಿದೆ ಬಿಡಿ" ಎಂದಳು. ಆರ್ಲಿಸ್ ನಗಲಿಲ್ಲ. ಆದರೆ ಬೋಲ್ಟು ಬಿಗಿಯುತ್ತಿದ್ದ ಅವನ ಕೈ ಒಂದು ಕ್ಷಣ ನಿಂತು ಮತ್ತೆ ತಿರುಗಿತು.

ಬಿಗಿದ ಮೇಲೆ ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದ. ಮುಚ್ಚಿಕೊಂಡೇ ಪಿನ್ನು ಎಳೆದು, ರ‍್ಯಾಕ್ ಒಳಕ್ಕೆ ತಂದು, ಹಲಗೆ ತಡವಿ ತೆಗೆದು, ಮತ್ತೆ ಸಿಕ್ಕಿಸಿ, ಹೊರಕ್ಕೆ ತಳ್ಳಿ, ಹಿಡಿ ಮಡಿಸಬೇಕು. ಇಪ್ಪತ್ತು ಸಲವಲ್ಲ, ನಲವತ್ತು ಸಲ ಮಾಡಿಸಿದ. ಅವಳು ಬೇಸರಪಡದೆ ಮಾಡಿದಳು.

ಮೇ ಕೊನೆಯ ಗುರುವಾರ ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದೆವು. ಕೋರಾ ಚಕ್ರದ ಹಿಂದೆ, ನಾನು ಅವಳ ಎಡಕ್ಕೆ. ಆ ಕಡೆಯಿಂದ ಬರುವ ದೋಣಿಗಳನ್ನು ಹೇಳುವುದು ನನ್ನ ಕೆಲಸ. ಆರ್ಲಿಸ್ ಎಲ್ಲಿ ಕೂರುತ್ತಾನೋ ಎಂದು ನೋಡಿದೆ. ಅವನು ಬಲಗಡೆ ಹಿಂದಿನ ಸೀಟಿಗೆ ಹೋಗಿ, ರ‍್ಯಾಕಿಗೆ ನೇರವಾಗಿ, ಅದು ಬಿಟ್ಟುಕೊಂಡರೆ ಹಲಗೆ ಬಡಿಯುವ ಜಾಗದಲ್ಲೇ ಮಂಡಿಯೂರಿದ. ಎಪ್ಪತ್ತೊಂದು ವರ್ಷದ ಮಂಡಿ.

"ಮಿಸ್ಟರ್ ಆರ್ಲಿಸ್, ಸರಿಯಾಗಿ ಕೂತ್ಕೊಳ್ಳಿ" ಎಂದಳು ಕೋರಾ.

"ನೀವು ಓಡಿಸಿ, ಮೇಡಂ. ಅಲೆ ಹುಡುಕಿ ಓಡಿಸಿ."

ಅವಳು ಓಡಿಸಿದಳು. ಸಾಮಾನು ಸಾಗಿಸುವ ದೊಡ್ಡ ದೋಣಿಯೊಂದು ಹೋಗುತ್ತಿತ್ತು. ಅದರ ಹಿಂದಿನ ಅಲೆಗಳಿಗೆ ಅಡ್ಡಲಾಗಿ ಮೂರು ಸಲ ನುಗ್ಗಿಸಿದಳು. ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಟವರ್ ನಡುಗಿತು, ಹಲಗೆಗಳು ಗುಂಯ್ ಅಂದವು. ಆರ್ಲಿಸ್ ಸೀಟಿನ ಬೆನ್ನು ಹಿಡಿದು, ಮುಖವನ್ನು ರ‍್ಯಾಕಿನತ್ತ ಎತ್ತಿಕೊಂಡೇ ಇದ್ದ. ಕಣ್ಣು ಮಿಟುಕಿಸಲಿಲ್ಲ. ರ‍್ಯಾಕ್ ಕದಲಲಿಲ್ಲ. ಕೆಂಪು ಕಾಣಲಿಲ್ಲ.

ಹಿನ್ನೀರಿನ ಒಂದು ಕೊಲ್ಲಿಯ ಮಧ್ಯಕ್ಕೆ ಬಂದು ಅವಳು ಎಂಜಿನ್ ನಿಲ್ಲಿಸಿದಳು. ನೀರು ದೋಣಿಯ ತಳಕ್ಕೆ ತಟ್ಟುವ ಸದ್ದು ಬಿಟ್ಟರೆ ಏನೂ ಇಲ್ಲ. ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು.

"ಅಪ್ಪ ಸಾಯೋ ವಾರ ನಂಗೆ ಒಂದು ವಿಷಯ ಹೇಳಿದ್ರು. ಪಿನ್ನು ಸೋಮಾರಿ, ತಳ್ಳಿದ ಮೇಲೆ ಅಂಗೈಲಿ ಗುದ್ದಬೇಕು, ಟಕ್ ಅನ್ನೋವರೆಗೂ ಬಿಡ್ಬೇಡ ಅಂತ ನೀವು ಅವರಿಗೆ ಹೇಳಿದ್ರಂತೆ. ಎರಡು ಸಲ ಹೇಳಿದ್ರಂತೆ."

ಆರ್ಲಿಸ್ ಪಿನ್ನಿನತ್ತ ನೋಡಿದ.

"ಅವತ್ತು ನೆಂಟರ ಗಲಾಟೇಲಿ ಮರೆತೆ ಅಂದ್ರು. ಗುದ್ದಲಿಲ್ಲ ಅಂದ್ರು. ಊರೆಲ್ಲ ನಿಮ್ಮನ್ನ ಅನ್ನೋವಾಗ ಬಾಯಿ ಬಿಡಲಿಲ್ಲ. ಮಗಳ ಮುಖ ನೋಡೋಕೆ ಆಗ್ತಿರಲಿಲ್ಲ, ಅದಕ್ಕೆ, ಅಂದ್ರು. ನೀವು ಯಾಕೆ ಹೇಳಲಿಲ್ಲ?"

ಅದಾದ ಮೇಲೂ ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ್ದೆ, ನನಗೂ ಹೇಳಿರಲಿಲ್ಲ.

ಅವನು ನಿಧಾನವಾಗಿ ಎದ್ದು ಸೀಟಿನ ಮೇಲೆ ಕೂತ. "ಹೇಳಿ ಏನು ಮಾಡ್ಲಿ? ಆಸ್ಪತ್ರೇಲಿ ಮಗಳನ್ನ ಇಟ್ಕೊಂಡಿರೋನ ಮೇಲೆ ಅದನ್ನೂ ಹೊರಿಸ್ಲಾ? ಮತ್ತೆ ಅದು ಪೂರ್ತಿ ನಿಜವೂ ಅಲ್ಲ, ಮೇಡಂ. ಸ್ಪ್ರಿಂಗು ಸರಿಯಿಲ್ಲ ಅಂತ ನಂಗೆ ಗೊತ್ತಿತ್ತು. ಎರಡು ವಾರ ಕಾದಿದ್ರೆ ಬೇರೆ ಬರ್ತಿತ್ತು. ಗುದ್ದು ಅಂತ ಹೇಳಿ ಕೊಡಬೇಕಾದ ಮಾಲನ್ನ ಕೊಡಲೇಬಾರದಾಗಿತ್ತು. ಹಬ್ಬದ ದಿನ ಯಾರಿಗೆ ಏನು ನೆನಪಿರುತ್ತೆ?"

"ಹಾಗಾದ್ರೆ ಯಾರ ತಪ್ಪು?"

"ನಿಮ್ಮದಲ್ಲ. ಅಷ್ಟು ಮಾತ್ರ ನಂಗೆ ಗೊತ್ತು."

ಆಮೇಲೆ ಅವನೇ, ತನ್ನ ಅಂಗೈಗಳನ್ನು ನೋಡುತ್ತ, "ಒಂದು ತಪ್ಪು ಮಾತ್ರ ಪೂರ್ತಿ ನಂದೇ. ನಿಮ್ಮನ್ನ ನೋಡೋಕೆ ನಾಕ್ಸ್‌ವಿಲ್‌ಗೆ ಬಂದಿದ್ದೆ. ಮೂರು ಸಲ. ಗೊಂಬೆ ತಗೊಂಡಿದ್ದೆ ಒಂದು. ಮೂರು ಸಲಾನೂ ಗಾಡಿ ನಿಲ್ಸೋ ಜಾಗದಲ್ಲೇ ಕೂತಿದ್ದು ವಾಪಸ್ ಬಂದೆ" ಎಂದ.

ಅಯ್ಯೋ ಪರವಾಗಿಲ್ಲ ಎಂದು ಅವಳು ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ.

"ಬರಬೇಕಾಗಿತ್ತು" ಎಂದಳು.

"ಹೌದು, ಮೇಡಂ."

"ಅಪ್ಪ ಬಂದು ಗೋಡೆ ನೋಡ್ಕೊಂಡು ಕೂತಿರೋರು. ಅಮ್ಮ ಅಳೋರು. ಮೂರನೇ ಮನುಷ್ಯ ಯಾರಾದ್ರೂ ಬಂದು ಏನಾದ್ರೂ ಪೆದ್ದು ಮಾತಾಡಿದ್ರೆ ಸಾಕಾಗಿತ್ತು ನಂಗೆ."

ಆರ್ಲಿಸ್ ಅತ್ತನೋ ಇಲ್ಲವೋ ನಾನು ನೋಡಲಿಲ್ಲ, ನೀರಿನತ್ತ ತಿರುಗಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಕೋರಾ ಎದ್ದು, ಪಿನ್ನು ಎಳೆದು, ರ‍್ಯಾಕನ್ನು ಒಳಕ್ಕೆ ತಂದು, ಹಲಗೆ ತಡವಿ ತೆಗೆದಳು.

"ನಿಮಗೆ ಓಡಿಸೋಕೆ ಬರುತ್ತಲ್ಲ?" ಎಂದು ಅವನನ್ನು ಕೇಳಿದಳು.

"ಬರುತ್ತೆ."

"ಹಾಗಾದ್ರೆ ಚಕ್ರ ಹಿಡ್ಕೊಳ್ಳಿ. ನಾನು ಇಳೀತೀನಿ."

ಅವನು ಚಕ್ರ ಹಿಡಿದ. ನಾನು ಹಿಂದಕ್ಕೆ ಮುಖ ಮಾಡಿ ಕೂತು ಹಗ್ಗದ ಮೇಲೆ ಕಣ್ಣಿಟ್ಟೆ. ಅವಳು ಹಗ್ಗದ ತುದಿಯಲ್ಲಿ ನೀರಿನಿಂದ ಎದ್ದು ನಿಂತಾಗ, ಎಡಕ್ಕೂ ಬಲಕ್ಕೂ ಜಾರುತ್ತ ಅಲೆಯ ಮೇಲಿಂದ ಮೊಣಕಾಲೆತ್ತರ ನೆಗೆದಾಗ, ಅವನಿಗೆ ಕೂಗಿ ಕೂಗಿ ಹೇಳಿದೆ. ಅವನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ವೇಗವನ್ನು ಒಂದು ಗೀಟೂ ಹೆಚ್ಚಿಸಲಿಲ್ಲ.

ಮುಂದಿನ ಭಾನುವಾರ ಊರಿನ ಸಮಾಧಿಗಳಿಗೆ ಹೂವಿಡುವ ದಿನ. ಎಲ್ಲ ಮನೆಯವರೂ ಗುಡ್ಡದ ಮೇಲಿನ ಸ್ಮಶಾನಕ್ಕೆ ಕತ್ತರಿ, ಗುದ್ದಲಿ, ಊಟದ ಬುಟ್ಟಿ ಹೊತ್ತು ಹೋಗುತ್ತಾರೆ. ಹುಲ್ಲು ಕಿತ್ತು, ಕಲ್ಲು ತೊಳೆದು, ಅಲ್ಲೇ ಹಾಸು ಹಾಕಿ ಉಣ್ಣುತ್ತಾರೆ. ಆರ್ಲಿಸ್‌ಗೆ ಇಲ್ಲಿ ಸತ್ತವರು ಯಾರೂ ಇರಲಿಲ್ಲ, ಆದ್ದರಿಂದ ಎಂದೂ ಬರುತ್ತಿರಲಿಲ್ಲ. ಆ ವರ್ಷ ನನ್ನ ಜೊತೆ ಬಂದ. ಹೋಬರ್ಟ್‌ನ ಕಲ್ಲನ್ನು ನಾವಿಬ್ಬರೂ ತೊಳೆದೆವು. ಆಮೇಲೆ ಅವನು ಬಕೆಟ್ಟು ಎತ್ತಿಕೊಂಡು ಬರ್ಡೆಟ್‌ರ ಸಾಲಿನತ್ತ ನಡೆದ.

ವೆಂಡೆಲ್‌ನ ಕಲ್ಲು ಹೊಸದು, ತೊಳೆಯುವಂಥದ್ದೇನೂ ಇರಲಿಲ್ಲ. ಆದರೂ ಆರ್ಲಿಸ್ ಬಟ್ಟೆ ಅದ್ದಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಒರೆಸಿದ. ಬರ್ಡೆಟ್ ಮನೆಯವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಕೋರಾ ಬಂದು ಅವನ ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ತಾಯಿ ಹಾಸಿನಿಂದ ಎದ್ದು ಬಂದು, ಹುರಿದ ಕೋಳಿ, ಆಲೂಗಡ್ಡೆ ಪಲ್ಯ ಬಡಿಸಿದ ತಟ್ಟೆಯೊಂದನ್ನು ಅವನ ಕೈಗಿಟ್ಟಳು.

"ಒದ್ದೆ ಕೈ ಒರೆಸ್ಕೊಂಡು ತಿನ್ನಿ. ಮಿಸ್ ಡೋವಿ, ನೀವೂ ಬನ್ನಿ" ಎಂದಳು.

ಅವನು ಅವರ ಹಾಸಿನ ಅಂಚಿನಲ್ಲಿ ಕೂತು ತಟ್ಟೆ ಖಾಲಿ ಮಾಡಿದ. ಯಾರೋ ಸಾಮಿಲ್ಲಿನ ಗರಗಸದ ಬಗ್ಗೆ ಕೇಳಿದರು, ಉತ್ತರ ಹೇಳಿದ. ಅಷ್ಟೇ ಆದದ್ದು. ಪಾದ್ರಿ ಹಾಡು ಶುರುಮಾಡಿದಾಗ ಅವನು ಎಂದಿನಂತೆ ಬಾಯಿ ಮುಚ್ಚಿಕೊಂಡೇ ನಿಂತಿದ್ದ. ಹೋದದ್ದೆಲ್ಲ ಮರಳಿ ಬರುವುದಿಲ್ಲ.

ಗುಡ್ಡ ಇಳಿಯುವಾಗ ಟ್ರಕ್ಕಿನಲ್ಲಿ ನಾನೇ ಕೇಳಿದೆ, "ಇಷ್ಟು ವರ್ಷ ನನಗಾದ್ರೂ ಹೇಳಬಾರದಿತ್ತೇನಯ್ಯಾ?"

ಅವನು ಗೇರು ಇಳಿಸಿ ತಿರುವು ದಾಟಿಸಿದ. "ನಿಮಗೆ ಹೇಳಿದ್ರೆ ನೀವು ನನ್ನ ಪರ ಮಾತಾಡ್ತಿದ್ರಿ. ನಂಗೆ ಅದು ಬೇಡವಾಗಿತ್ತು" ಎಂದ. ಇನ್ನೂ ಒಂದು ಮೈಲಿ ಹೋದ ಮೇಲೆ, "ಆ ಮೂರನೇ ನಮೂನೆ ರ‍್ಯಾಕ್ ಇನ್ನೆರಡು ತರಿಸಿ, ಮಿಸ್ ಡೋವಿ. ಬಗ್ಗೋಕಾಗದೆ ಇರೋರು ಅವಳೊಬ್ಬಳೇ ಅಲ್ಲ. ಸೊಂಟ ನೋವಿನವರು ಇದಾರೆ, ವಯಸ್ಸಾದವರು ಇದಾರೆ. ಅವರನ್ನೆಲ್ಲ ಬೇರೆ ಕಡೆ ಹೋಗಿ ಅಂದುಬಿಟ್ಟೆ" ಎಂದ.

ಆ ಬೇಸಿಗೆ ಒಟ್ಟು ಏಳು ಬಂದವು. ಎರಡನ್ನು ಪಿನ್ನು ಮೆಚ್ಚಿಕೆಯಾಗದೆ ಹಿಂದಕ್ಕೆ ಕಳಿಸಿದ, ಐದಕ್ಕೆ ಕೆಂಪು ಬಳಿದ.